ನಮ್ಮಪ್ಪನೂ ಒಂದು ರಿಸ್ಕ್ ಫ್ಯಾಕ್ಟರಂತೆ!

ನಾನು ಕೋಪಿಷ್ಠನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಮಾತನ್ನು ನಾನು ಹೇಳಿದಾಗಲೆಲ್ಲ ನನ್ನ ಹೆಂಡತಿ ಪದ್ಮಿನಿ ಅಡುಗೆಮನೆಯಿಂದ ಒಂದು ಥರ ಕೆಮ್ಮುತ್ತಾಳೆ, ಬಂದ ಅತಿಥಿಗಳು ಚಾವಣಿ ನೋಡುತ್ತಾರೆ. ಕೋಪ ನನಗೆ ತಾನಾಗಿ ಬರುವುದಿಲ್ಲ, ಜನ ತಂದುಕೊಡುತ್ತಾರೆ. ತಂದುಕೊಟ್ಟದ್ದನ್ನು ಬೇಡ ಎನ್ನುವುದು ಮೈಸೂರಿನವರ ಸ್ವಭಾವವಲ್ಲ. ಹಾಗಾಗಿ ಸ್ವೀಕರಿಸುತ್ತೇನೆ, ಅಷ್ಟೆ. ಫ್ರೀವೇಯಲ್ಲಿ ಇಂಡಿಕೇಟರ್ ಹಾಕದೆ ಅಡ್ಡ ಬರುವವನು, ಜನವರಿಯ ಹಿಮದಲ್ಲಿ ಗಂಟೆಗಟ್ಟಲೆ ಗೋರಿ ತೆಗೆದ ಡ್ರೈವ್‌ವೇಯ ಬಾಯಿಗೆ ಸರಿಯಾಗಿ ಇನ್ನೊಂದು ಹಿಮದ ಗೋಡೆ ಕಟ್ಟಿ ಹೋಗುವ ಪ್ಲೋ ಗಾಡಿಯವನು, ‘ಕಾಫಿ’ ಎಂದು ಕೇಳಿದರೆ ಬಕೆಟ್ಟಿನಂಥ ಲೋಟದಲ್ಲಿ ಕಷಾಯ ಕೊಡುವವನು, ಇವರೆಲ್ಲ ನನ್ನ ನಿತ್ಯದ ಕೊಡುಗೈ ದಾನಿಗಳು. ಆದರೆ ಇವರೆಲ್ಲರನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೂ ಒಂದು ಭಾನುವಾರ ಮಿಶಿಗನ್ನಿನ ನೋವೈ ಊರಿನ ನಮ್ಮ ದೇವಸ್ಥಾನದ ಹಾಲ್‌ನಲ್ಲಿ ನನಗೆ ಬಂದ ಕೋಪದ ತೂಕಕ್ಕೆ ಬರುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ದೇವಸ್ಥಾನದಲ್ಲಿ ಆ ದಿನ ಆರೋಗ್ಯ ಶಿಬಿರ. ನಾನು ಹೋದದ್ದು ಆರೋಗ್ಯಕ್ಕಲ್ಲ, ಪುಳಿಯೋಗರೆಗೆ. ಪ್ರಸಾದದ ಸಾಲೂ ಶಿಬಿರದ ಸಾಲೂ ಅಕ್ಕಪಕ್ಕದಲ್ಲೇ ಇದ್ದವು. ಪದ್ಮಿನಿ ನನ್ನ ಮೊಣಕೈ ಹಿಡಿದು ಮೆಲ್ಲಗೆ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿಸಿಬಿಟ್ಟಳು. ಸಾಲಿನ ಕೊನೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತಿದ್ದವಳು ಸಬೀಹಾ. ಅವಳು ನನಗೆ ಹೊಸಬಳಲ್ಲ. ನಮ್ಮ ಮನೆಯಿಂದ ಎರಡು ಎಕ್ಸಿಟ್ ಆಚೆ ಇಂಡಿಯನ್ ಗ್ರೋಸರಿ ಇಟ್ಟಿರುವ ಹುಬ್ಬಳ್ಳಿಯ ನಜೀರ್ ಸಾಹೇಬರ ಮಗಳು. ಹಲ್ಲು ಬಿದ್ದ ಬಾಯಲ್ಲಿ ಕೌಂಟರ್ ಮೇಲೆ ಕೂತು ನನಗೆ ಕೊತ್ತಂಬರಿ ಸೊಪ್ಪಿನ ಕಟ್ಟು ಎಸೆಯುತ್ತಿದ್ದ ಹುಡುಗಿ, ಈಗ ಆನ್ ಆರ್ಬರ್‌ನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಮನೆಯಲ್ಲಿ ಅವರ ಮಾತು ಉರ್ದು, ಸ್ಕೂಲಲ್ಲಿ ಇಂಗ್ಲಿಷ್. ಕನ್ನಡವನ್ನು ಅವಳು ಕಲಿತದ್ದು ಅಪ್ಪನ ಅಂಗಡಿಯ ಗಿರಾಕಿಗಳಿಂದ. ಆದ್ದರಿಂದ ಅವಳ ಕನ್ನಡ ಹುಬ್ಬಳ್ಳಿಯಲ್ಲಿ ಶುರುವಾಗಿ ಮೈಸೂರಿನ ಮೇಲೆ ಹಾದು ಅಮೆರಿಕದಲ್ಲಿ ಮುಗಿಯುತ್ತದೆ.

"ಕುಂದರ್ರಿ ಅಂಕಲ್. ಐದು ನಿಮಿಷ ಮಾತಾಡಬೇಡಿ, ಪ್ಲೀಸ್," ಎಂದಳು. ಹಿಂದೆ ನಿಂತಿದ್ದ ಪದ್ಮಿನಿ, "ಅಷ್ಟು ಹೊತ್ತು ಆಗಲ್ಲಮ್ಮ ಅವರ ಕೈಲಿ," ಎಂದಳು. ಇಂಥ ಮಾತು ಕೇಳಿಯೂ ರಕ್ತ ಏರದೆ ಇರಬೇಕು ಎಂದರೆ ಹೇಗೆ? ಸಬೀಹಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದಳು. ಮುಖ ಗಂಭೀರ ಮಾಡಿಕೊಂಡು ಇನ್ನೊಮ್ಮೆ ಊದಿದಳು. ಆಮೇಲೆ ಇನ್ನೊಂದು ಕೈ ಕೇಳಿದಳು. "ಯಾಕಮ್ಮ, ಆ ಕೈ ಬೇರೆ ಯಾರದೋ ಅನ್ನಿಸ್ತಾ?" ಎಂದೆ. ಅವಳು ನಗಲಿಲ್ಲ. ಅವಳು ಹೇಳಿದ ರಕ್ತದೊತ್ತಡದ ಮೇಲಿನ ಅಂಕಿ ನಮ್ಮ ಫ್ರೀವೇಯ ಎಪ್ಪತ್ತು ಮೈಲಿಯ ಸ್ಪೀಡ್ ಲಿಮಿಟ್ಟಿನ ದುಪ್ಪಟ್ಟನ್ನೂ ದಾಟಿ ಎಲ್ಲೋ ಹೋಗಿತ್ತು. ಅಷ್ಟು ವೇಗದಲ್ಲಿ ಹೋಗುವವನನ್ನು ಮಿಶಿಗನ್ ಪೊಲೀಸರು ನಿಲ್ಲಿಸಿ ಟಿಕೆಟ್ ಕೊಡುವುದಿಲ್ಲ, ನೇರ ಒಳಗೆ ಹಾಕುತ್ತಾರೆ.

ಶುರುವಾಯಿತು ವಿಚಾರಣೆ. ಸಿಗರೇಟು? ಇಲ್ಲ. ಡ್ರಿಂಕ್ಸ್? ಆಫೀಸಿನ ಪಾರ್ಟಿಗಳಲ್ಲಿ ಕಿತ್ತಳೆ ರಸ ಹಿಡಿದು ಮೂಲೆಯಲ್ಲಿ ನಿಂತು ನಗೆಪಾಟಲಾದವನು ನಾನು, ಇಲ್ಲ. ಎಕ್ಸರ್‌ಸೈಜು? ನಮ್ಮ ಆಫೀಸಿನ ಪಾರ್ಕಿಂಗ್ ಲಾಟ್ ಬಹಳ ದೊಡ್ಡದು ಎಂದೆ. ಉಪ್ಪು? ಅದಕ್ಕೆ ಪದ್ಮಿನಿಯೇ ಉತ್ತರ ಹೇಳಿದಳು, ನನ್ನನ್ನು ಕೇಳದೆ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲವನ್ನೂ ಸಾಕ್ಷ್ಯವಾಗಿ ಒಡ್ಡಿ. ಆಮೇಲೆ ಸಬೀಹಾ ನಮ್ಮಪ್ಪನ ಬಗ್ಗೆ ಕೇಳಿದಳು. ನಮ್ಮಪ್ಪ ಮೈಸೂರಿನಲ್ಲಿ ರೈಲ್ವೆ ಗುಮಾಸ್ತರಾಗಿದ್ದವರು. ಒಂದು ಮಧ್ಯಾಹ್ನ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಬೆತ್ತದ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಆಗ ಅವರಿಗೆ ಸರಿಯಾಗಿ ಈ ಶಿಬಿರದ ದಿನ ನನಗಿದ್ದಷ್ಟೇ ವಯಸ್ಸು. ಇಡೀ ಬೀದಿ ಅದನ್ನು ಪುಣ್ಯವಂತರ ಸಾವು ಎಂದಿತು. ನರಳಲಿಲ್ಲ, ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ ಎಂದು ಬಂದವರೆಲ್ಲ ಹೊಗಳಿದರು. ಇದನ್ನು ನಾನು ಸಬೀಹಾಳಿಗೆ ಕೊಂಚ ಹೆಮ್ಮೆಯಿಂದಲೇ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು, "ಐ ಆಮ್ ಸಾರಿ, ಅಂಕಲ್. ಬಟ್ ದಟ್ಸ್ ಎ ರಿಸ್ಕ್ ಫ್ಯಾಕ್ಟರ್," ಎಂದಳು.

"ಯಾವುದು? ಪುಣ್ಯವೇ?"

"ನಿಮ್ಮ ಫಾದರ್."

ನಮ್ಮಪ್ಪ! ಜೀವಮಾನದಲ್ಲಿ ಒಂದು ಇರುವೆಗೂ ಅಪಾಯ ಮಾಡದ ಮನುಷ್ಯ! ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರಿಗೂ ‘ಪಾಪ’ ಎನ್ನುತ್ತಿದ್ದವರು! ಅವರು ಸತ್ತು ಇಷ್ಟು ವರ್ಷಗಳ ಮೇಲೆ, ಏಳು ಸಮುದ್ರದಾಚೆ, ಅವರನ್ನು ಸಿಗರೇಟಿನ ಪಕ್ಕ, ಹಂದಿ ಕೊಬ್ಬಿನ ಪಕ್ಕ ಕೂರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಗಂಡಸಾಗಿರುವುದು ಒಂದು ಅಪಾಯವಂತೆ. ಐವತ್ತು ದಾಟಿದ್ದು ಇನ್ನೊಂದಂತೆ. ನಮ್ಮ ಕಡೆ ಹುಟ್ಟಿದ್ದು ಮತ್ತೊಂದಂತೆ. "ಹುಟ್ಟಿದ್ದೇ ತಪ್ಪು ಅಂತ ಒಂದೇ ಮಾತಲ್ಲಿ ಹೇಳಿಬಿಡಮ್ಮ, ಎಲ್ಲರಿಗೂ ಟೈಮ್ ಉಳಿಯುತ್ತೆ," ಎಂದೆ. ಅವಳು ಪಾಪ, ಸಮಾಧಾನವಾಗಿ ಒತ್ತಡ ಎಂದರೇನು, ಕೊಳವೆ ಎಂದರೇನು, ಒತ್ತಡ ಹೆಚ್ಚಾದರೆ ಕೊಳವೆಗೆ ಏನಾಗುತ್ತದೆ ಎಂದು ವಿವರಿಸಲು ಹೊರಟಳು. ನನ್ನ ಕೆಲಸವೇ ಕಾರಿನ ಬ್ರೇಕಿನದು! ಬ್ರೇಕಿನ ಹೋಸ್ ಪೈಪುಗಳಿಗೆ ಒತ್ತಡ ಕೊಟ್ಟು, ಅವು ಎಲ್ಲಿ ಉಬ್ಬುತ್ತವೆ, ಯಾವಾಗ ಒಡೆಯುತ್ತವೆ ಎಂದು ನೋಡುತ್ತ ತಲೆ ನರೆಸಿಕೊಂಡವನಿಗೆ ಈ ಕೊತ್ತಂಬರಿ ಕಟ್ಟಿನ ಹುಡುಗಿ ಪ್ರೆಷರ್ ಪಾಠ ಹೇಳುತ್ತಾಳೆ. ಅದನ್ನೇ ಹೇಳಿದೆ. "ಒಳ್ಳೇದಾಯ್ತು ಅಂಕಲ್," ಎಂದಳು ಸಬೀಹಾ. "ಹೋಸ್ ಒಡೆದರೆ ನೀವು ಹೊಸಾದು ಹಾಕ್ತೀರಿ. ನನ್ನ ಹತ್ರ ಸ್ಪೇರ್ ಇಲ್ಲ."

ನಾನು ಅವಳ ಹಿಂದಿನ ಗೋಡೆ ನೋಡಿದೆ. ಅಲ್ಲೊಂದು ದೊಡ್ಡ ಪೋಸ್ಟರ್. ಪ್ರಪಂಚದ ಮನುಷ್ಯರನ್ನು ಕೊಲ್ಲುತ್ತಿರುವ ದೊಡ್ಡ ದೊಡ್ಡ ಕಾರಣಗಳನ್ನು ಬಣ್ಣಬಣ್ಣದ ಚಿತ್ರಗಳಲ್ಲಿ ಬರೆದಿದ್ದರು. ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ, ಕೊಬ್ಬು, ಕೂತೇ ಇರುವುದು. ಅವುಗಳ ಜೊತೆಗೇ ಕೊಳಕು ನೀರು, ಒಲೆಯ ಹೊಗೆ, ಹೊಟ್ಟೆಗಿಲ್ಲದಿರುವುದು. ಒಂದು ಕಡೆ ಉಂಡು ಸಾಯುವವನು, ಪಕ್ಕದಲ್ಲೇ ಉಣ್ಣಲು ಸಿಗದೆ ಸಾಯುವ ಮಗು, ಇಬ್ಬರಿಗೂ ಒಂದೇ ಅಳತೆಯ ಚೌಕಟ್ಟು! ನಮ್ಮಜ್ಜಿ ಸೌದೆ ಒಲೆ ಊದಿ ಊದಿ ಕೊನೆಗೆ ಉಸಿರಿಗೇ ಗತಿಯಿಲ್ಲದೆ ಹೋದವಳು. ಅವಳ ಒಲೆಯೂ ಅಲ್ಲಿತ್ತು. ಅವಳಿಗೆ ಬೇರೆ ಒಲೆ ಯಾರು ಕೊಟ್ಟಿದ್ದರು? ಕೊಳಕು ನೀರನ್ನು ಯಾರಾದರೂ ಆಸೆಪಟ್ಟು ಕುಡಿಯುತ್ತಾರೆಯೇ? ಇಂಥವನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೆಳಗೆ ‘ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಆ ಸಾಲು ಓದಿದಾಗ ಬಂದ ಕೋಪ ಮಾತ್ರ ಇವತ್ತಿಗೂ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಅಷ್ಟರಲ್ಲಿ ನಜೀರ್ ಸಾಹೇಬರು ಶಿಬಿರಕ್ಕೆಂದು ಅಂಗಡಿಯಿಂದ ತಂದಿದ್ದ ಬಾಳೆಹಣ್ಣಿನ ಪೆಟ್ಟಿಗೆ ಹೊತ್ತುಕೊಂಡು ಹಾದುಹೋದರು. "ಏನ್ರೀ ಮೂರ್ತಿ, ನಮ್ಮ ಹುಡುಗಿ ಬೈದಳೇನು? ಬೈಸ್ಕೋರಿ, ಬೈಸ್ಕೋರಿ. ಮನ್ಯಾಗ ನನಗ ದಿನಾ ಆಗ್ತೈತಿ," ಎಂದು ನಕ್ಕು ಹೋದರು.

ಅಂದಿನಿಂದ ನಮ್ಮ ಮನೆಯಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾಯಿತು. ಗಾಂಧೀಜಿ ಉಪ್ಪಿಗಾಗಿ ನಡೆದರು, ಪದ್ಮಿನಿ ಉಪ್ಪಿನ ವಿರುದ್ಧ ನಡೆದಳು. ಡಬ್ಬಿಗಳ ಹಿಂದಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಇಟ್ಟು ಓದತೊಡಗಿದಳು. ಆಗ ಬಯಲಾದ ಸಂಗತಿಗಳು ಸಾಮಾನ್ಯವಲ್ಲ. ಬ್ರೆಡ್ಡಿನಲ್ಲಿ ಉಪ್ಪು. ಸಿಹಿ ಎಂದು ತಿನ್ನುವ ಕಾರ್ನ್‌ಫ್ಲೇಕ್ಸಿನಲ್ಲಿ ಉಪ್ಪು. ಬಿಸ್ಕತ್ತಿನಲ್ಲಿ, ಟೊಮ್ಯಾಟೊ ಸೂಪಿನಲ್ಲಿ, ಚೀಸಿನಲ್ಲಿ ಉಪ್ಪು. ಇವರೆಲ್ಲ ನನ್ನನ್ನು ಕೇಳದೆ, ನನ್ನ ನಾಲಿಗೆಗೂ ತಿಳಿಸದೆ, ವರ್ಷಗಟ್ಟಲೆ ನನಗೆ ಉಪ್ಪು ತಿನ್ನಿಸಿದ್ದರು. ನನ್ನ ಪಾಲಿನ ಉಪ್ಪನ್ನೆಲ್ಲ ಯಾವುದೋ ಕಾರ್ಖಾನೆಯವನು ಹೀಗೆ ಕದ್ದು ಬಡಿಸಿ ಮುಗಿಸಿರುವಾಗ, ಕಣ್ಣೆದುರಿಗೆ, ಪ್ರಾಮಾಣಿಕವಾಗಿ, ‘ನಾನು ಉಪ್ಪಿನಕಾಯಿ’ ಎಂದು ಹೆಸರಿನಲ್ಲೇ ಉಪ್ಪನ್ನು ಒಪ್ಪಿಕೊಂಡು ನಿಂತಿರುವ ಪದಾರ್ಥಕ್ಕೆ ಮಾತ್ರ ಗಡೀಪಾರು! ಸಾರು ಬಿಸಿನೀರಿನಲ್ಲಿ ಬೇಳೆ ಸ್ನಾನ ಮಾಡಿ ಎದ್ದುಹೋದ ಹಾಗಿತ್ತು. ಉಪ್ಪಿಟ್ಟಿನಿಂದ ಉಪ್ಪು ಹೋಗಿ ಬರೀ ಹಿಟ್ಟು ಉಳಿದಿತ್ತು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಹಿರಿಯರು ಹೇಳಿದಾರೆ ಕಣೇ," ಎಂದು ಗೋಗರೆದೆ. "ಹೇಳಿದ ಹಿರಿಯರು ಎಷ್ಟು ವರ್ಷ ಬದುಕಿದ್ರು ಅಂತಲೂ ವಿಚಾರಿಸಿ," ಎಂದಳು. ಬೆಳಗ್ಗೆ ಸಬೀಹಾ ಬರೆದುಕೊಟ್ಟ ಬಿ.ಪಿ. ಮಾತ್ರೆ ನುಂಗಿಸುವಾಗ ನನ್ನೆದುರಿಗೇ ನಿಲ್ಲುತ್ತಿದ್ದಳು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುವುದೊಂದು ಬಾಕಿ. ನುಂಗುತ್ತಿದ್ದೆ, ಆದರೆ ಪ್ರತಿಭಟನೆಯೊಂದಿಗೆ.

ಆಮೇಲೆ ನಡಿಗೆ. ದಿನಾ ನಡೆಯಬೇಕು ಎಂದು ಸಬೀಹಾಳ ಅಪ್ಪಣೆ. ಎಲ್ಲಿ ನಡೆಯಬೇಕು ಎಂದು ಅವಳೂ ಹೇಳಲಿಲ್ಲ, ಈ ಊರು ಕಟ್ಟಿದವರೂ ಯೋಚಿಸಿರಲಿಲ್ಲ. ನಮ್ಮ ಬಡಾವಣೆಯ ಒಳಗೆ ಚೆಂದದ ಕಾಲುದಾರಿ ಇದೆ. ಅದು ಬಾತುಕೋಳಿ ಕೊಳದ ಸುತ್ತ ಒಂದು ಬಳಸು ಹಾಕಿ, ದೊಡ್ಡ ರಸ್ತೆ ಕಂಡ ಕೂಡಲೇ ಹುಲಿ ಕಂಡ ದನದ ಹಾಗೆ ಥಟ್ಟನೆ ನಿಂತುಬಿಡುತ್ತದೆ. ಮುಂದೆ ಬರೀ ಹುಲ್ಲು, ಚರಂಡಿ, ಅದರಾಚೆ ನಲವತ್ತೈದು ಮೈಲಿ ವೇಗದಲ್ಲಿ ಭರ್ರೆನ್ನುವ ಲಾರಿಗಳು. ಮೊದಲ ದಿನ ಆ ಹುಲ್ಲಿನ ಅಂಚಿನಲ್ಲಿ ಹೊರಟೆ. ಪರಿಚಯದವರೊಬ್ಬರು ಕಾರು ನಿಲ್ಲಿಸಿ, "ಬ್ರೇಕ್‌ಡೌನ್ ಆಯ್ತಾ ಮೂರ್ತಿ? ಬನ್ನಿ, ಡ್ರಾಪ್ ಮಾಡ್ತೀನಿ," ಎಂದರು. ಎರಡನೆಯ ದಿನ ಒಬ್ಬ ಅಮೆರಿಕನ್ ಮುದುಕಿ ನಿಲ್ಲಿಸಿ, ನನ್ನ ಮನೆ ಎಲ್ಲಿದೆ ಎಂದು ನೆನಪಿದೆಯೇ ಎಂದು ಮೃದುವಾಗಿ ಕೇಳಿದಳು. ಮೂರನೆಯ ದಿನ ಪೊಲೀಸ್ ಕಾರೇ ಬಂತು. ಯಾರೋ ಫೋನ್ ಮಾಡಿದ್ದರಂತೆ, ಒಬ್ಬ ಮನುಷ್ಯ ಕಾರಿಲ್ಲದೆ ಓಡಾಡುತ್ತಿದ್ದಾನೆ, ತನ್ನಷ್ಟಕ್ಕೆ ಏನೋ ಮಾತಾಡಿಕೊಳ್ಳುತ್ತಿದ್ದಾನೆ ಎಂದು. ಮಾತಾಡಿಕೊಳ್ಳುತ್ತಿದ್ದದ್ದು ನಿಜ. ಈ ದೇಶಕ್ಕೆ ಬೈಯುತ್ತಿದ್ದೆ, ಕನ್ನಡದಲ್ಲಿ. "ಡಾಕ್ಟರು ನಡೆ ಎಂದಿದ್ದಾರೆ," ಎಂದು ವಿವರಿಸಿದೆ. ಆ ಯುವಕ ಪೊಲೀಸ್ ಸಜ್ಜನ, ಬಹಳ ಮರ್ಯಾದೆಯಿಂದ, "ಸರ್, ಜನ ನಡೆಯಲಿಕ್ಕೆ ಮಾಲ್‌ಗೆ ಹೋಗುತ್ತಾರೆ," ಎಂದ. ನಡೆಯಲು ಕಾರಿನಲ್ಲಿ ಹೋಗಬೇಕು!

ಆಫೀಸಿನಲ್ಲೂ ಇದೇ ಕಥೆ. ಅದೇ ವಾರ ಅಲ್ಲಿ ಆರೋಗ್ಯ ಸಪ್ತಾಹ ಘೋಷಿಸಿ, ಲಿಫ್ಟಿನ ಬಾಗಿಲಿಗೆ ‘ಮೆಟ್ಟಿಲು ಹತ್ತಿ, ಹೃದಯ ಉಳಿಸಿ’ ಎಂದು ಚೀಟಿ ಅಂಟಿಸಿದ್ದರು. ಉತ್ಸಾಹದಿಂದ ಮೆಟ್ಟಿಲಿನ ಬಾಗಿಲು ತಳ್ಳಿದೆ. ಅದು ಬೆಂಕಿ ಬಿದ್ದಾಗ ಮಾತ್ರ ತೆರೆಯುವ ಬಾಗಿಲಂತೆ. ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡು, ಎಲ್ಲರೂ ಚಳಿಯಲ್ಲಿ ಹೊರಗೆ ಬಂದು ನಿಂತು, ನಡುಗುತ್ತ ನನ್ನನ್ನೇ ನೋಡಿದರು. ಒಳಗೆ ಹೋದ ಮೇಲೆ ಸಪ್ತಾಹದ ಉದ್ಘಾಟನಾ ಸಭೆ. ಮೇಜಿನ ಮೇಲೆ ಎಲ್ಲರಿಗೂ ಸಕ್ಕರೆ ಮೆತ್ತಿದ ಡೋನಟ್.

ಇಷ್ಟೆಲ್ಲ ಅನ್ಯಾಯ ಒಟ್ಟಾಗಿ ಒಂದು ಶನಿವಾರ ಮಧ್ಯಾಹ್ನ ನನ್ನನ್ನು ನಜೀರ್ ಸಾಹೇಬರ ಅಂಗಡಿಗೆ ನೂಕಿತು. ಪದ್ಮಿನಿ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಸಾಹೇಬರು ಹಿಂಬಾಗಿಲ ಹೊರಗೆ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಸಿಗರೇಟು ಸೇದಿ ಆಗ ತಾನೆ ಒಳಗೆ ಬಂದಿದ್ದರು. ಅವರ ಸಿಗರೇಟು ಊರಿಗೆಲ್ಲ ಗೊತ್ತಿದ್ದದ್ದೇ. ಮಗಳು ಅತ್ತೂ ಕರೆದೂ ಬಿಡಿಸಲಾಗದೆ ಸೋತಿದ್ದಳು. ನಾನು ನೇರ ಶೆಲ್ಫಿಗೆ ಹೋಗಿ ಆಂಧ್ರದ ಮಾವಿನ ಉಪ್ಪಿನಕಾಯಿಯ ಅತಿ ದೊಡ್ಡ ಬಾಟಲಿಯನ್ನು ತಂದು ಕೌಂಟರ್ ಮೇಲೆ ಕುಕ್ಕಿದೆ.

ಸಾಹೇಬರು ಬಾಟಲಿಯನ್ನು ತಮ್ಮ ಕಡೆ ಎಳೆದುಕೊಂಡು, "ಇದನ್ನ ಕೊಡಂಗಿಲ್ರೀ," ಎಂದರು.

"ಯಾಕೆ?"

"ನಿಮ್ಮ ಮನಿಯವ್ರು ಫೋನ್ ಮಾಡಿ ಹೇಳ್ಯಾರ. ನಮ್ಮ ಹುಡುಗಿನೂ ಹೇಳ್ಯಾಳ. ಕೊಟ್ನಿ ಅಂದ್ರ ಇಬ್ಬರೂ ಕೂಡಿ ನನ್ನ ಜೀವಾ ತಿಂತಾರ."

"ಸಾಹೇಬ್ರೇ, ಇದು ಅಂಗಡಿಯೋ, ಆಸ್ಪತ್ರೆಯೋ? ಮಾರಕ್ಕಿಟ್ಟಿದೀರಿ, ಕೊಳ್ಳಕ್ಕೆ ಬಂದಿದೀನಿ!"

"ಬ್ಯಾರೆಯವ್ರಿಗೆ ಮಾರಾಕ ಇಟ್ಟೇನ್ರೀ. ನಿಮಗಲ್ಲ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! "ಹಿಂದುಗಡೆ ನಿಂತು ಹೊಗೆ ಬಿಟ್ಟು ಬಂದು ನನಗೆ ಉಪದೇಶ ಮಾಡ್ತೀರಲ್ಲ, ನಿಮ್ಮ ಬಿ.ಪಿ. ಎಷ್ಟಿದೆ ಹೇಳಿ ನೋಡೋಣ!" ಎಂದು ಗುಡುಗಿದೆ. "ನನಗೇನ್ ಆಗೇತ್ರೀ, ಕಲ್ಲಿದ್ದಂಗ ಅದೇನಿ," ಎಂದು ಅವರು ಎದೆ ತಟ್ಟಿಕೊಂಡರು. ನಾನು ಬಾಟಲಿ ನನ್ನ ಕಡೆ ಎಳೆದೆ, ಅವರು ತಮ್ಮ ಕಡೆ ಎಳೆದರು. ಇಬ್ಬರು ವಯಸ್ಸಾದ ಗಂಡಸರು, ನಡುವೆ ಒಂದು ಉಪ್ಪಿನಕಾಯಿ ಬಾಟಲಿ. ಆಗ ಇದ್ದಕ್ಕಿದ್ದಂತೆ ಅವರ ಹಿಡಿತ ಸಡಿಲವಾಯಿತು. ಗೆದ್ದೆ ಎಂದುಕೊಂಡೆ. "ಕೊ... ಕೊಗ್ಗ... ಇಗ್ಗ," ಎಂದರು. ನನ್ನನ್ನು ಅಣಕಿಸುತ್ತಿದ್ದಾರೆ ಎಂದು ಇನ್ನಷ್ಟು ಕೋಪ ಬಂತು. ತಲೆಯೆತ್ತಿ ಮುಖ ನೋಡಿದೆ. ಬಾಯಿಯ ಬಲ ಮೂಲೆ ಕೆಳಗೆ ಜಾರಿತ್ತು. ಬಲಗೈ ಅವರದಲ್ಲವೇನೋ ಎಂಬಂತೆ ಪಕ್ಕದಲ್ಲಿ ಜೋತಾಡುತ್ತಿತ್ತು. ಆ ಕೈಯನ್ನು ಅವರೂ ಆಶ್ಚರ್ಯದಿಂದ ನೋಡುತ್ತಿದ್ದರು. ಕಣ್ಣಲ್ಲಿ ಭಯವಿತ್ತು. ಅಷ್ಟು ವರ್ಷಗಳಲ್ಲಿ ಆ ಕಣ್ಣುಗಳಲ್ಲಿ ನಾನು ಭಯ ನೋಡಿರಲಿಲ್ಲ.

ಬಾಟಲಿ ನನ್ನ ಕೈಯಿಂದ ಬಿದ್ದು ಒಡೆಯಿತು. ಕೌಂಟರ್ ಸುತ್ತಿ ಓಡಿಹೋಗಿ ಅವರನ್ನು ಹಿಡಿದೆ. ಅಕ್ಕಿ ಮೂಟೆಗಳಿಗೆ ಒರಗಿಸಿ, ಎಣ್ಣೆ ಮೆಣಸಿನ ನಡುವೆಯೇ ಕೂರಿಸಿ, ಅಂಗಡಿಯ ಫೋನಿನಿಂದ ತುರ್ತು ಸಹಾಯದ ಒಂಬತ್ತು ಒಂದು ಒಂದಕ್ಕೆ ಕರೆ ಮಾಡಿದೆ. ಆ ಕಡೆಯ ಹೆಂಗಸು ವಿಳಾಸ ಕೇಳಿದಳು. ಎಷ್ಟೋ ವರ್ಷ ಬಂದು ಹೋದ ಅಂಗಡಿ, ವಿಳಾಸ ಬರಲಿಲ್ಲ! "ಲಾಂಡ್ರಿ ಪಕ್ಕ, ಪಿಜ್ಜಾ ಅಂಗಡಿ ಪಕ್ಕ," ಎಂದು ಕೂಗಿದೆ. ಫೋನ್ ನಂಬರಿನಿಂದಲೇ ವಿಳಾಸ ಗೊತ್ತಾಯಿತು, ಗಾಬರಿಯಾಗಬೇಡಿ, ಏನೂ ತಿನ್ನಿಸಬೇಡಿ, ಕುಡಿಸಬೇಡಿ ಎಂದಳು. ಸಾಹೇಬರು ಎಡಗೈಯಿಂದ ಗಲ್ಲಾ ಕಡೆ, ಬಾಗಿಲ ಕಡೆ ತೋರಿಸಿ ಏನೋ ಹೇಳಲು ಹೆಣಗುತ್ತಿದ್ದರು. ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದಿರಬೇಕು. "ಅಂಗಡಿ ಹಾಳಾಗಲಿ ಸುಮ್ನಿರಿ ಸಾಹೇಬ್ರೇ," ಎಂದು ಅವರ ಕೈಯನ್ನು, ಆ ತಣ್ಣಗಿದ್ದ ಬಲಗೈಯನ್ನು, ಹಿಡಿದುಕೊಂಡು ಕೂತೆ. ಬೈಯಲು ಯಾರೂ ಸಿಗಲಿಲ್ಲ. ನೋವಿಲ್ಲ, ಜ್ವರವಿಲ್ಲ, ಒಂದು ಸೀನು ಕೂಡ ಇಲ್ಲ. ವರ್ಷಗಟ್ಟಲೆ ಮನೆಯೊಳಗೇ ಕೂತು ಅನ್ನ ತಿಂದು, ಒಂದು ದಿನ ಮಾಲೀಕನನ್ನೇ ಕೆಡವುವ ಈ ರಕ್ತದೊತ್ತಡದಂಥ ನಯವಂಚಕನನ್ನು ನಾನು ಬೇರೆ ಕಂಡಿಲ್ಲ.

ಆಂಬುಲೆನ್ಸ್ ಸಾಹೇಬರನ್ನು ಒಯ್ದ ಆಸ್ಪತ್ರೆಗೆ ಸಬೀಹಾ ಆನ್ ಆರ್ಬರ್‌ನಿಂದ ಹೇಗೆ ಡ್ರೈವ್ ಮಾಡಿಕೊಂಡು ಬಂದಳೋ, ಅವಳಿಗೇ ಗೊತ್ತಿರಲಿಕ್ಕಿಲ್ಲ. ಬಿಳಿ ಕೋಟಿನಲ್ಲೇ ಬಂದಿದ್ದಳು. ಆದರೆ ಆ ಕೋಟಿನ ಒಳಗಿದ್ದವಳು ಡಾಕ್ಟರಲ್ಲ. ಅಲ್ಲಿನ ವೈದ್ಯರು ನನ್ನನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ಇದು ಶುರುವಾದದ್ದು ಸರಿಯಾಗಿ ಯಾವಾಗ? ಕೊನೆಯ ಸಲ ಅವರು ಸರಿಯಾಗಿ ಮಾತಾಡಿದ್ದು ಯಾವಾಗ? ತಡವಾಗಿದ್ದರೆ, ಅಥವಾ ಯಾವಾಗ ಎಂದು ಗೊತ್ತಿಲ್ಲದಿದ್ದರೆ, ಮಿದುಳಿನಲ್ಲಿ ಕಟ್ಟಿದ ರಕ್ತದ ಹೆಪ್ಪು ಕರಗಿಸುವ ಔಷಧ ಕೊಡಲು ಬರುವುದಿಲ್ಲವಂತೆ. ನನಗೆ ಗೊತ್ತಿತ್ತು. ಕೊಡಂಗಿಲ್ಲ ಎಂದರು, ನಿಮಗಲ್ಲ ಎಂದರು, ಕಲ್ಲಿದ್ದಂಗ ಅದೇನಿ ಎಂದರು, ಆಮೇಲೆ ಮಾತು ಕೆಟ್ಟಿತು, ಆ ನಿಮಿಷವೇ ಫೋನ್ ಮಾಡಿದೆ. ಜಗಳದ ಒಂದೊಂದು ಮಾತೂ ನೆನಪಿತ್ತು. ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಉಪ್ಪಿನಕಾಯಿ ಬಾಟಲಿಗೆ ಕಿತ್ತಾಡುತ್ತಿದ್ದೆವು ಎಂದಾಗ ಆ ವೈದ್ಯ ಒಂದು ಕ್ಷಣ ನನ್ನನ್ನೇ ನೋಡಿ, ಬರೆದುಕೊಂಡು ಒಳಗೆ ಓಡಿದ.

ನಾನೂ ಸಬೀಹಾಳೂ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಪದ್ಮಿನಿ ರೇಷ್ಮೆ ಸೀರೆಯಲ್ಲೇ ಬಂದು ಸಬೀಹಾಳನ್ನು ಅಪ್ಪಿಕೊಂಡಳು. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತ, "ಆಂಟಿ, ಊರ ಮಂದಿಗೆಲ್ಲ ಪಟ್ಟಿ ಕಟ್ಟಿದೆ. ನಮ್ಮ ಅಬ್ಬಾ ಬಾಳೆಹಣ್ಣು ತಗೊಂಡು ನನ್ನ ಮುಂದೇ ಓಡಾಡ್ತಿದ್ರು. ಆಮೇಲೆ ನೋಡ್ತಿಯಂತೆ ಅಂದ್ರು. ಅವರ ಕೈ ಒಂದ್ಸಲನೂ ನಾನು ಹಿಡೀಲಿಲ್ಲ," ಎಂದಳು. ಅವಳ ತಲೆ ಸವರುತ್ತ ಕೂತಿದ್ದಾಗ ನನಗೆ ನಮ್ಮಪ್ಪನ ಬೆತ್ತದ ಕುರ್ಚಿ ಕಣ್ಣಿಗೆ ಬಂತು. ಅವರ ತೋಳಿಗೂ ಯಾರೂ ಪಟ್ಟಿ ಕಟ್ಟಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಡಾಕ್ಟರಿದ್ದರು, ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಅವರ ಶಾಪು. ಅಪ್ಪ ದಿನಾ ಅವರಿಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಏನೂ ಆಗಿಲ್ಲದವನು ಡಾಕ್ಟರ ಹತ್ತಿರ ಯಾಕೆ ಹೋಗಬೇಕು? ನಾವು ಪುಣ್ಯ ಎಂದು ಕರೆದು ಸಮಾಧಾನಪಟ್ಟದ್ದು ಬರೀ ವಿಚಾರಿಸದೆ ಬಿಟ್ಟದ್ದು. ಅಮ್ಮ ಆಮೇಲೆ ಮೂವತ್ತು ವರ್ಷ ಒಬ್ಬಳೇ ಇದ್ದಳು. ಆ ಪುಣ್ಯದಲ್ಲಿ ಅವಳಿಗೆ ಬಂದ ಪಾಲೇನು? ಸಬೀಹಾ ಶಿಬಿರದಲ್ಲಿ ಬಳಸಿದ ‘ರಿಸ್ಕ್ ಫ್ಯಾಕ್ಟರ್’ ಎಂಬ ಆ ಇಂಗ್ಲಿಷ್ ಪದಕ್ಕೆ ಬೇರೇನೂ ಅರ್ಥವಿರಲಿಲ್ಲ. ಆದದ್ದನ್ನು ಕಣ್ಣುಬಿಟ್ಟು ನೋಡಿ ಎಂದಷ್ಟೇ.

ನಜೀರ್ ಸಾಹೇಬರು ಉಳಿದರು. ಔಷಧ ಕೆಲಸ ಮಾಡಿತು. ಒಂದು ವಾರಕ್ಕೆ ಮಾತು ಮರಳಿತು. ಮೊದಲು ತೊದಲು ಉರ್ದು, ಆಮೇಲೆ ತೊದಲು ಕನ್ನಡ. ನಾನು ನೋಡಲು ಹೋದ ದಿನ ಮಂಚದಿಂದಲೇ, "ಬಾಟ್ಲಿ... ಒಡದ್ರಿ," ಎಂದರು. ಹೌದು ಎಂದೆ. "ಛಲೋ ಆತು," ಎಂದು ಅರ್ಧ ಮುಖದಲ್ಲಿ ನಕ್ಕರು. ಸಬೀಹಾ ನನ್ನ ಕೈ ಹಿಡಿದು, "ಅಂಕಲ್, ನೀವು ಅವತ್ತು ಜಗಳಕ್ಕೆ ಬರದೇ ಇದ್ದಿದ್ರೆ, ಅಬ್ಬಾ ಒಬ್ಬರೇ ಇರ್ತಿದ್ರು," ಎಂದಳು. ನನ್ನ ಕೋಪದಿಂದ ಒಬ್ಬರಿಗೆ ಉಪಕಾರವಾಗಿದ್ದು ಅದೇ ಮೊದಲು, ಅದನ್ನು ಪದ್ಮಿನಿ ಕೇಳುವ ಹಾಗೆ ಇನ್ನೊಮ್ಮೆ ಹೇಳು ಎಂದು ಕೇಳಿಕೊಂಡೆ. ಆಮೇಲೆ ಸಿಗರೇಟು ನಿಂತಿತು. ಸಾಹೇಬರ ಸಿಟ್ಟು ನನ್ನದನ್ನೂ ಮೀರಿಸಿ, ಕೆಲವು ವಾರ ಗಿರಾಕಿಗಳು ಅಂಗಡಿಗೆ ಹೆದರಿಕೊಂಡೇ ಹೋಗುತ್ತಿದ್ದರು.

ಚಳಿಗಾಲದ ಹೊತ್ತಿಗೆ ಬಲಗಾಲು ಎಳೆಯುತ್ತ, ಕೋಲು ಹಿಡಿದು ನಡೆಯುವಷ್ಟಾದರು. ನಡೆಯಲೇಬೇಕು ಎಂದು ಮಗಳ ಆಜ್ಞೆ. ಹೊರಗೆ ಮಂಜುಗಡ್ಡೆ. ಕೊನೆಗೆ ಆ ಪೊಲೀಸಿನವನು ಹೇಳಿದ್ದೇ ದಾರಿಯಾಯಿತು. ಬೆಳಗ್ಗೆ ಅಂಗಡಿಗಳು ತೆರೆಯುವ ಮುಂಚೆ ಮಾಲ್ ಬಾಗಿಲನ್ನು ನಡೆಯುವವರಿಗಾಗಿ ತೆರೆದಿಡುತ್ತಾರೆ. ಆಫೀಸಿಗೆ ಹೋಗುವ ಮೊದಲು ಅವರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಬಾಗಿಲು ಮುಚ್ಚಿದ ಬಟ್ಟೆ ಅಂಗಡಿಗಳ ಮುಂದೆ ನಾವಿಬ್ಬರೂ ನಿಧಾನವಾಗಿ ನಡೆಯುತ್ತಿದ್ದೆವು. ಬಿಳಿ ಶೂ ಹಾಕಿದ ಅಮೆರಿಕನ್ ಅಜ್ಜಿಯರು ಗುಂಪುಗುಂಪಾಗಿ ಕೈಬೀಸುತ್ತ ನಮ್ಮನ್ನು ದಾಟಿ ಹೋಗಿ, ಇನ್ನೊಂದು ಸುತ್ತು ಬಂದು ಮತ್ತೆ ದಾಟಿ, ಪ್ರತಿ ಸಲವೂ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಒಳಗೊಳಗೇ ಕುದಿಯುತ್ತಿದ್ದೆ, ಆದರೆ ಸಹಿಸಿದೆ. ಸ್ನೇಹಿತನಿಗಾಗಿ ಅಲ್ಲವೇ? ಪದ್ಮಿನಿ ಎಲ್ಲರ ಮನೆಯ ಊಟಗಳಲ್ಲಿ, "ಪಾಪ, ಇವರು ನಜೀರ್ ಭಾಯ್‌ಗೋಸ್ಕರ ಅಷ್ಟು ನಿಧಾನವಾಗಿ ನಡೀತಾರೆ," ಎಂದು ಹೇಳಿಕೊಂಡು ಬಂದಳು. ನಾನು ದೊಡ್ಡ ಮನುಷ್ಯರು ನಗುವ ಹಾಗೆ ನಗುತ್ತಿದ್ದೆ.

ವಸಂತದಲ್ಲಿ ಒಂದು ದಿನ ನನಗೆ ನೆಗಡಿ. ಬರುವುದಿಲ್ಲ ಎಂದು ಫೋನ್ ಮಾಡಿದ್ದೆ. ಸಬೀಹಾ ತಾನೇ ಬಿಟ್ಟುಬರುತ್ತೇನೆ ಎಂದಳು. ಆದರೆ ಮನಸ್ಸು ತಡೆಯಲಿಲ್ಲ. ಪಾಪ, ಕೋಲು ಹಿಡಿದ ಮನುಷ್ಯ, ಒಬ್ಬರೇ ಹೇಗಿದ್ದಾರೋ ಎಂದು ಮಫ್ಲರ್ ಸುತ್ತಿಕೊಂಡು ತಡವಾಗಿ ಹೋದೆ. ಮೇಲಿನ ಅಂತಸ್ತಿನ ಕಟಕಟೆಯಿಂದ ಬಗ್ಗಿ ನೋಡಿದೆ. ಕೆಳಗೆ ನಜೀರ್ ಸಾಹೇಬರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಬಲಗಾಲು ಕೊಂಚ ಬೀಸಿ ಹಾಕುತ್ತ, ದಾಪುಗಾಲಿನಲ್ಲಿ ಬರುತ್ತಿದ್ದರು. ನನ್ನ ಕಣ್ಣೆದುರಿಗೇ ಮೂವರು ಅಜ್ಜಿಯರನ್ನು ದಾಟಿದರು. ದಾಟುವಾಗ ಗುಡ್ ಮಾರ್ನಿಂಗ್ ಕೂಡ ಹೇಳಿದರು.

ಎಸ್ಕಲೇಟರ್ ಇಳಿದು ಹೋಗಿ ಅಡ್ಡ ನಿಂತೆ. "ಏನ್ ಸಾಹೇಬ್ರೇ ಇದು? ನನ್ನ ಜೊತೆ ಆಮೆ ಥರ ನಡೀತೀರಿ!"

ಅವರಿಗೆ ಸಂಕೋಚವಾಯಿತು. ಕೋಲನ್ನು ಮೆಲ್ಲಗೆ ಕೆಳಗೂರಿ, "ಏನ್ ಮಾಡೋದ್ರೀ ಮೂರ್ತಿ. ನೀವು ಭಾಳ ತೇಕ್ತೀರಿ. ಜೋರ್ ನಡಿಸಬ್ಯಾಡ್ರಿ, ಅಂಕಲ್‌ಗೆ ರೂಢಿ ಇಲ್ಲ ಅಂತ ನಮ್ಮ ಹುಡುಗಿ ಮೊದಲ ದಿನಾನ ಹೇಳಿದ್ಲು. ನಿಮ್ಮ ಮನಿಯವ್ರೂ ಹೇಳಿದ್ರು," ಎಂದರು.

ಮನೆಯವಳೂ! ಎಲ್ಲರ ಮನೆಯಲ್ಲೂ ನನ್ನ ತ್ಯಾಗವನ್ನು ಹೊಗಳಿಕೊಂಡು ಬಂದವಳು! ಇದಕ್ಕಿಂತ ದೊಡ್ಡ ಒಳಸಂಚು ಉಂಟೇ? ಮಫ್ಲರ್ ಕಿತ್ತು ಹೆಗಲಿಗೆಸೆದು, ತೋರಿಸಿಯೇ ಬಿಡುತ್ತೇನೆಂದು ಬಿರಬಿರನೆ ಹೊರಟೆ. ಶೂ ಅಂಗಡಿ ದಾಟಿದೆ. ಕನ್ನಡಕದ ಅಂಗಡಿ ದಾಟಿದೆ. ಕಾರಂಜಿಯ ಹತ್ತಿರ ಬರುವಷ್ಟರಲ್ಲಿ ಎದೆ ಡವಡವ ಎಂದು ಕಣ್ಣಿಗೆ ಕತ್ತಲೆ ಬಂದಂತಾಗಿ ನಿಂತೆ. ಹಿಂದಿನಿಂದ ಸಾಹೇಬರು ನಿಧಾನವಾಗಿ, ನನಗೋಸ್ಕರ ನಿಧಾನವಾಗಿ, ಬಂದು ಸೇರಿಕೊಂಡರು. ಕೋಲಿನಿಂದ ಪಕ್ಕದ ಬೆಂಚು ತೋರಿಸಿ, "ಒಂದೀಟು ಕುಂದರ್ರಿ," ಎಂದರು.

ಕೂತೆ. ಅಜ್ಜಿಯರು ಬಂದು, ನಮ್ಮಿಬ್ಬರನ್ನೂ ನೋಡಿ ನಿಂತರು. ಅವರಲ್ಲೊಬ್ಬಳು ಕರುಣೆಯಿಂದ ಬಗ್ಗಿ, ನಜೀರ್ ಸಾಹೇಬರನ್ನು ಕೇಳಿದಳು: "ನಿಮ್ಮ ಸ್ನೇಹಿತರಿಗೆ ಆ ಕೋಲು ಸ್ವಲ್ಪ ಹೊತ್ತು ಕೊಡಬಾರದೇ?"